ನೂರ ಅರವತ್ತನಾಲ್ಕು ಮಂದಿ ಹೆಸರು ಬರೆಸಿದರು, ಹನ್ನೊಂದು ಮಂದಿ ಉಳಿದರು



ಈ ಬಾರಿ ಷೇರು, ಮ್ಯೂಚುವಲ್ ಫಂಡ್, ಬಡ್ಡಿ ದರ ಯಾವುದೂ ಇಲ್ಲ. ಕಳೆದ ಎರಡು ತಿಂಗಳಲ್ಲಿ ನಾಲ್ವರು ಓದುಗರು ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ಅಬುಧಾಬಿಯಲ್ಲಿರುವ ಚಾರ್ಟರ್ಡ್ ಅಕೌಂಟೆಂಟ್, ಒಬ್ಬರು ಮಸ್ಕತ್‌ನಲ್ಲಿ ಸ್ವಂತ ವ್ಯಾಪಾರ ಇಟ್ಟುಕೊಂಡವರು, ಇನ್ನಿಬ್ಬರು ಐಟಿಯವರು. ಎಲ್ಲರದ್ದೂ ಒಂದೇ ಮಾತು: "ನಾನೂ ಒಂದು ವೆಬಿನಾರ್ ಮಾಡಬೇಕು ಅಂತಿದ್ದೀನಿ. ಜನರನ್ನು ಹೇಗೆ ಸೇರಿಸೋದು? ಸೇರಿದವರನ್ನು ಹೇಗೆ ಉಳಿಸಿಕೊಳ್ಳೋದು?"

ನಾನು ಮಾರ್ಕೆಟಿಂಗ್ ಪಂಡಿತನಲ್ಲ. ಎಂಬಿಎ ಓದುವಾಗ ಮಾರ್ಕೆಟಿಂಗ್ ಪೇಪರ್ ಪಾಸಾದರೆ ಸಾಕಪ್ಪ ಎನ್ನುತ್ತಿದ್ದವನು. ಆದರೆ ಎರಡು ವರ್ಷದಿಂದ ಬಿಡುವಿನ ವೇಳೆಯಲ್ಲಿ, ಅಲ್ ನಹ್ದಾದ ನನ್ನ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕನ್ನಡದಲ್ಲಿ ಹಣಕಾಸಿನ ವೆಬಿನಾರ್ ಮಾಡುತ್ತಿದ್ದೇನೆ. ಮೊದಲನೆಯದು ಸೋತಿತು. ಎರಡನೆಯದು ಗೆದ್ದಿತು. ಮೂರನೆಯದರಲ್ಲಿ ನಾನು ಒಂದು ತಪ್ಪು ಮಾಡಿದೆ, ಅದರ ಬೆಲೆಯನ್ನು ಬೇರೆಯವರು ತೆತ್ತರು. ಬ್ಯಾಲೆನ್ಸ್ ಶೀಟ್ ಓದುವುದೇ ನನ್ನ ಉದ್ಯೋಗ. ಹಾಗಾಗಿ ಉಪದೇಶ ಬಿಟ್ಟು ನನ್ನದೇ ಲೆಕ್ಕಪುಸ್ತಕವನ್ನು ನಿಮ್ಮ ಮುಂದೆ ತೆರೆದಿಡುತ್ತೇನೆ.

ಮೊದಲ ವೆಬಿನಾರ್: ಊರಿಗೆ ಬಂದವಳು ನೀರಿಗೆ ಬರಲಿಲ್ಲ

2024ರ ಫೆಬ್ರವರಿ. ವಿಷಯ, "ಅನಿವಾಸಿ ಭಾರತೀಯರಿಗೆ ಸಂಪತ್ತು ನಿರ್ವಹಣೆ: ಒಂದು ಸಮಗ್ರ ನೋಟ". ಶೀರ್ಷಿಕೆ ಬರೆದಾಗ ನನಗೇ ಹೆಮ್ಮೆಯಾಗಿತ್ತು. 47 ಸ್ಲೈಡ್ ಮಾಡಿದ್ದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ 600 ದಿರ್ಹಂ ಹಾಕಿದೆ. ಕಂಡ ಕಂಡ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಪೋಸ್ಟರ್ ತಳ್ಳಿದೆ.

164 ಮಂದಿ ಹೆಸರು ನೋಂದಾಯಿಸಿದರು. ನೂರು ಜನರ ಮಿತಿಯಿರುವ ಝೂಮ್ ಸಾಲದು ಎಂದು ಹೆಚ್ಚಿನ ಪ್ಲಾನ್ ಖರೀದಿಸಿದೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂಬ ಗಾದೆ ನಂಬಿದ್ದೆ. ಭಾನುವಾರ ಬೆಳಗ್ಗೆ 11ಕ್ಕೆ ಪರದೆ ತೆರೆದಾಗ ಇದ್ದವರು 38 ಮಂದಿ. ಒಂದೂಕಾಲು ಗಂಟೆಯ ನಂತರ "ಪ್ರಶ್ನೆಗಳಿದ್ದರೆ ಕೇಳಿ" ಅಂದಾಗ ಉಳಿದವರು 11. ಅದರಲ್ಲಿ ಒಬ್ಬರು ನನ್ನ ಹೆಂಡತಿ, ಪಕ್ಕದ ಕೋಣೆಯಿಂದ ಲಾಗಿನ್ ಆಗಿದ್ದರು. ಇನ್ನೊಬ್ಬ ನನ್ನ ಬಾಮೈದ, ಅವನ ಕ್ಯಾಮೆರಾ ಆಫ್ ಆಗಿತ್ತು.

ಸಂಜೆ ಲೆಕ್ಕ ಹಾಕಿದೆ. ಜಾಹೀರಾತಿನಿಂದ ಹೆಸರು ಕೊಟ್ಟವರು 90 ಮಂದಿ. ಅವರಲ್ಲಿ ನಿಜವಾಗಿ ಬಂದವರು 8. ಅಂದರೆ ತಲೆಗೆ 75 ದಿರ್ಹಂ. ಅಷ್ಟು ದುಡ್ಡಿಗೆ ಎಂಟೂ ಮಂದಿಯನ್ನು ಒಳ್ಳೆಯ ಊಟಕ್ಕೇ ಕರೆದುಕೊಂಡು ಹೋಗಬಹುದಿತ್ತು, ಕಡೆಯ ಪಕ್ಷ ಊಟ ಮುಗಿಯುವ ತನಕವಾದರೂ ಕೂತಿರುತ್ತಿದ್ದರು.

ತಪ್ಪು ಎಲ್ಲಿ ಎಂದು ನನಗೆ ಗೊತ್ತಾಗಿದ್ದು ಒಂದು ವಾರದ ನಂತರ, ಅಲ್ ನಹ್ದಾ ಪಾಂಡ್ ಪಾರ್ಕ್‌ನಲ್ಲಿ. ಇಲ್ಲಿರುವವರಿಗೆ ಗೊತ್ತು, ಸಂಜೆ ಬಿಸಿಲು ಇಳಿದ ಮೇಲೆ ಆ ಕೊಳದ ಸುತ್ತ ಅರ್ಧ ಭಾರತವೇ ವಾಕಿಂಗ್ ಮಾಡುತ್ತಿರುತ್ತದೆ. ಹಾಸನ ಕಡೆಯ ಒಬ್ಬ ಹಿರಿಯರು, ಇಪ್ಪತ್ತೆರಡು ವರ್ಷದಿಂದ ಇಲ್ಲಿರುವವರು, ಜೊತೆಗೆ ಹೆಜ್ಜೆ ಹಾಕುತ್ತಾ ಹೇಳಿದರು: "ನಿಮ್ಮ ಕಾರ್ಯಕ್ರಮಕ್ಕೆ ಬಂದಿದ್ದೆ ಸಾರ್. ಇಪ್ಪತ್ತು ನಿಮಿಷ ಕೂತಿದ್ದೆ. ಚೆನ್ನಾಗಿ ಮಾತಾಡ್ತೀರಿ. ಆದ್ರೆ ನನಗಿದ್ದಿದ್ದು ಒಂದೇ ಪ್ರಶ್ನೆ. ಊರಲ್ಲಿ ಒಂದು ಸೈಟಿದೆ, ಮಾರಬೇಕು. ಎಷ್ಟು ಟ್ಯಾಕ್ಸ್ ಹಿಡೀತಾರೆ, ದುಡ್ಡು ಇಲ್ಲಿಗೆ ತರಬಹುದಾ? ನೀವು ಅದನ್ನ ಹೇಳ್ತೀರೋ ಇಲ್ವೋ ಗೊತ್ತಾಗಲಿಲ್ಲ. ಎದ್ದು ಹೋದೆ."

ನನ್ನ 47 ಸ್ಲೈಡಿನಲ್ಲಿ 39ನೆಯದು ಅದೇ ವಿಷಯದ್ದಾಗಿತ್ತು. ಅವರು ಅಲ್ಲಿಯವರೆಗೆ ಕಾಯಬೇಕಾದ ಕಾರಣವೇ ಇರಲಿಲ್ಲ. ಅವರು ಬಂದಿದ್ದು ನನ್ನ ವಿಷಯಕ್ಕಲ್ಲ, ತಮ್ಮ ಪ್ರಶ್ನೆಗೆ.

ಎರಡನೆಯದು: ಶೀರ್ಷಿಕೆಯನ್ನು ಅವರೇ ಕೊಟ್ಟರು

ಅದೇ ವರ್ಷ ಜುಲೈ 23ರ ಕೇಂದ್ರ ಬಜೆಟ್‌ನಲ್ಲಿ ಆಸ್ತಿ ಮಾರಾಟದ ದೀರ್ಘಾವಧಿ ಲಾಭದ ತೆರಿಗೆ ಬದಲಾಯಿತು. ದರ ಶೇ. 20ರಿಂದ ಶೇ. 12.5ಕ್ಕೆ ಇಳಿಯಿತು, ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆ ಏರಿಸಿಕೊಳ್ಳುವ ಇಂಡೆಕ್ಸೇಷನ್ ಹೋಯಿತು. ಗಲಾಟೆಯಾದ ಮೇಲೆ ಹಳೆಯ ಆಸ್ತಿಗೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟುವ ಅವಕಾಶ ಕೊಟ್ಟರು. ಆದರೆ ಆ ಅವಕಾಶ ಭಾರತದ ನಿವಾಸಿಗಳಿಗೆ ಮಾತ್ರ, ನಮಗಲ್ಲ. ಪಾರ್ಕಿನ ಹಿರಿಯರ ಪ್ರಶ್ನೆ ಈಗ ಇಡೀ ಕಟ್ಟಡದ ಪ್ರಶ್ನೆಯಾಯಿತು. ಲಿಫ್ಟಿನಲ್ಲೂ ಕೇಳುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ಎರಡನೇ ವೆಬಿನಾರ್ ಇಟ್ಟೆ. ಶೀರ್ಷಿಕೆ: "ಊರಿನ ಸೈಟು ಮಾರಿದರೆ ಕೈಗೆ ಎಷ್ಟು ಬರುತ್ತೆ?" ಅಷ್ಟೇ. ಜಾಹೀರಾತಿಗೆ ಒಂದು ದಿರ್ಹಂ ಕೂಡ ಹಾಕಲಿಲ್ಲ. 71 ಮಂದಿ ಹೆಸರು ಕೊಟ್ಟರು, 52 ಮಂದಿ ಬಂದರು, ಕೊನೆಯವರೆಗೆ 44 ಮಂದಿ ಇದ್ದರು. ಮೊದಲ ಸಲಕ್ಕಿಂತ ಅರ್ಧಕ್ಕೂ ಕಡಿಮೆ ನೋಂದಣಿ, ಕೊನೆಯಲ್ಲಿ ನಾಲ್ಕು ಪಟ್ಟು ಜನ.

ಆಗ ಮಾಡಿದ್ದು, ಆಮೇಲೆ ಕಲಿತದ್ದು ಎಲ್ಲವನ್ನೂ ಸೇರಿಸಿ ಒಂದೊಂದಾಗಿ ಹೇಳುತ್ತೇನೆ.

ಪ್ರಶ್ನೆ ಮೊದಲು, ಪೋಸ್ಟರ್ ಆಮೇಲೆ. ಈಗ ನಾನು ವಿಷಯ ಆಯ್ಕೆ ಮಾಡುವುದಿಲ್ಲ. ಹಿಂದೆ ಬಂದವರಿಗೆ ಒಂದೇ ಸಾಲಿನ ಗೂಗಲ್ ಫಾರಂ ಕಳುಹಿಸುತ್ತೇನೆ: "ಈ ತಿಂಗಳು ನಿಮ್ಮ ನಿದ್ದೆ ಕೆಡಿಸಿದ ಹಣದ ಪ್ರಶ್ನೆ ಯಾವುದು?" ಹೆಚ್ಚು ಸಲ ಬಂದ ಪ್ರಶ್ನೆ, ಅವರದ್ದೇ ಮಾತಿನಲ್ಲಿ, ಶೀರ್ಷಿಕೆಯಾಗುತ್ತದೆ. "ರಿಪ್ಯಾಟ್ರಿಯೇಷನ್ ಆಫ್ ಫಂಡ್ಸ್" ಎಂದು ಯಾರೂ ಬರೆಯುವುದಿಲ್ಲ. "ಎನ್‌ಆರ್‌ಒ ಖಾತೆಯಲ್ಲಿರುವ ದುಡ್ಡು ದುಬೈಗೆ ತರಬಹುದಾ" ಎಂದು ಬರೆಯುತ್ತಾರೆ. (ತರಬಹುದು, ಒಂದು ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿಯೊಳಗೆ, ತೆರಿಗೆಯ ಕಾಗದಪತ್ರ ಸರಿಯಿದ್ದರೆ.)

ಮದುವೆ ಕರೆಯುವ ಹಾಗೆ ಕರೆಯಿರಿ. ನಮ್ಮೂರಲ್ಲಿ ಮದುವೆ ಪತ್ರಿಕೆ ಅಂಚೆಯಲ್ಲಿ ಬಂದರೆ "ಕರೆದರು" ಎನ್ನುವುದಿಲ್ಲ. ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು "ಎಲ್ಲರೂ ಬರಲೇಬೇಕು" ಅಂದರೆ ಅದು ಕರೆ. ನಲವತ್ತು ಗುಂಪಿಗೆ ಪೋಸ್ಟರ್ ತಳ್ಳುವುದು ಅಂಚೆಯ ಪತ್ರಿಕೆ. ಎರಡನೇ ಸಲ ನಾನು ಹನ್ನೆರಡು ಮಂದಿಗೆ ಮಾತ್ರ ಖುದ್ದಾಗಿ ಬರೆದೆ. ಆಸ್ತಿ ಮಾರುವ ಯೋಚನೆಯಲ್ಲಿದ್ದವರು, ಅಂಥವರನ್ನು ಬಲ್ಲವರು. "ನಿಮಗೆ ಗೊತ್ತಿರುವ ಇನ್ನಿಬ್ಬರಿಗೆ ಇದು ಬೇಕಾಗಿದ್ದರೆ ನೀವೇ ಹೇಳಿ" ಎಂದೆ. ಬಂದ 52ರಲ್ಲಿ ಹೆಚ್ಚಿನವರು ಹಾಗೆ ಬಂದವರು. ಸಂಘದ ಗುಂಪು, ಕಟ್ಟಡದ ಗುಂಪು, ಮಕ್ಕಳ ಕನ್ನಡ ತರಗತಿಯ ಪೋಷಕರ ಗುಂಪು ಇವುಗಳಲ್ಲಿ ಹಾಕುವುದಾದರೆ ಅಡ್ಮಿನ್ ಒಪ್ಪಿಗೆ ಕೇಳಿಯೇ ಹಾಕಿ. ಆ ಗುಂಪುಗಳನ್ನು ಯಾರೋ ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಾರೆ, ನಮ್ಮ ಪೋಸ್ಟರ್ ಅಂಟಿಸುವ ಗೋಡೆ ಅದಲ್ಲ.

ಗಡಿಯಾರ ನೋಡಿ ದಿನ ಇಡಿ. ಇದು ಸಣ್ಣ ವಿಷಯ ಎನಿಸುತ್ತದೆ, ಅಲ್ಲ. ಯುಎಇಯಲ್ಲಿ 2022ರ ಜನವರಿಯಿಂದ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾಯಿತು. ಆದರೆ ಸೌದಿ, ಕತಾರ್, ಕುವೈತ್, ಬಹರೈನ್, ಒಮಾನ್‌ಗಳಲ್ಲಿ ಇನ್ನೂ ಶುಕ್ರವಾರ, ಶನಿವಾರ. ನನ್ನ ಮೊದಲ ವೆಬಿನಾರ್ ಭಾನುವಾರ ಬೆಳಗ್ಗೆ ಇತ್ತು. ದೋಹಾ, ಕುವೈತ್‌ನ ಸ್ನೇಹಿತರು ಆಗ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದರು! ಕೊಲ್ಲಿಯಲ್ಲಿರುವ ಎಲ್ಲ ಕನ್ನಡಿಗರಿಗೂ ಒಟ್ಟಿಗೆ ರಜೆ ಇರುವುದು ಶನಿವಾರ ಒಂದೇ. ಇಲ್ಲಿ ಖಾಸಗಿ ಕಂಪನಿಗಳಲ್ಲಿ ಶನಿವಾರವೂ ಕೆಲಸ ಮಾಡುವವರು ಬಹಳ, ಆದ್ದರಿಂದ ಸಂಜೆ. ಈಗ ನನ್ನ ಖಾಯಂ ಸಮಯ ಶನಿವಾರ ಸಂಜೆ 7. ಬೆಂಗಳೂರಿನಲ್ಲಿ ರಾತ್ರಿ 8.30, ರಿಯಾದ್‌ನಲ್ಲಿ ಸಂಜೆ 6, ಲಂಡನ್‌ನಲ್ಲಿ ಮಧ್ಯಾಹ್ನ, ನ್ಯೂಜೆರ್ಸಿಯಲ್ಲಿ ಬೆಳಗ್ಗೆ. ಸಿಂಗಪುರದವರಿಗೆ ಮಾತ್ರ ರಾತ್ರಿ 11, ಅವರ ಕ್ಷಮೆ ಕೇಳಿ ರೆಕಾರ್ಡಿಂಗ್ ಕಳುಹಿಸುತ್ತೇನೆ. ಆಹ್ವಾನದಲ್ಲಿ ಎಲ್ಲ ಊರಿನ ಸಮಯವನ್ನೂ ಬರೆಯಿರಿ, ಓದುವವರು ಲೆಕ್ಕ ಹಾಕಲಿ ಎಂದು ಬಿಡಬೇಡಿ. ರಂಜಾನ್ ತಿಂಗಳಲ್ಲಿ ಇಫ್ತಾರ್ ವೇಳೆಗೆ ಇಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಅರ್ಧ ಜನ ಊರಲ್ಲಿರುತ್ತಾರೆ. ಆದರೆ ಆಸ್ತಿ, ಖಾತೆ ವಿಷಯವಿದ್ದರೆ ಜೂನ್ ಮೊದಲ ವಾರ ಬಹಳ ಒಳ್ಳೆಯದು. ಊರಿಗೆ ಹೋಗುವ ಮೊದಲು ಏನೇನು ಕಾಗದ ಮಾಡಿಸಬೇಕು ಎಂಬ ಚಿಂತೆ ಆಗ ಎಲ್ಲರಿಗೂ ಇರುತ್ತದೆ.

ಸಾಧನ ಸರಳವಾಗಿರಲಿ. ಊರಿನವರು "ವಾಟ್ಸ್‌ಆ್ಯಪ್ ಗ್ರೂಪ್ ಕಾಲ್‌ನಲ್ಲೇ ಮಾಡಿಬಿಡಿ" ಎನ್ನುತ್ತಾರೆ. ವಾಟ್ಸ್‌ಆ್ಯಪ್ ಕರೆಗೆ ಇಲ್ಲಿ ನಿರ್ಬಂಧ ಇದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಝೂಮ್, ಟೀಮ್ಸ್‌ಗೆ 2020ರ ಲಾಕ್‌ಡೌನ್ ಕಾಲದಲ್ಲಿ ಅನುಮತಿ ಸಿಕ್ಕಿತು. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಕಡಿದುಹೋಗುತ್ತದೆ, ಆ ಹೊತ್ತಿಗೆ ಎದ್ದುಹೋದವರು ಮತ್ತೆ ಬರುವುದಿಲ್ಲ. ಅಷ್ಟು ಖರ್ಚು ಮಾಡಲೇಬೇಕು.

ಕೇಳಿ ಬಾರಿಸಿ. ಕರಾವಳಿಯವರಿಗೆ, ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಯಕ್ಷಗಾನ ಮೇಳ ಊರಿಗೆ ಬಂದ ಸಂಜೆ, ಆಟ ಶುರುವಾಗುವ ಎಷ್ಟೋ ಮೊದಲು ಚೆಂಡೆ ಬಾರಿಸುತ್ತಾರೆ. ಅದಕ್ಕೆ ಕೇಳಿ ಎನ್ನುತ್ತಾರೆ. ಗದ್ದೆಯಾಚೆಯವರಿಗೂ ಇವತ್ತು ಆಟ ಇದೆ ಎಂದು ತಿಳಿಯಬೇಕು. ಗಮನಿಸಿ, "ತಪ್ಪದೇ ಬನ್ನಿ, ಸೀಟು ಮುಗಿಯುತ್ತಿದೆ" ಎಂದು ಕೂಗುವುದಲ್ಲ ಅದು. ಆಟದ ಚೆಂಡೆಯನ್ನೇ ಸ್ವಲ್ಪ ಕೇಳಿಸುವುದು. ನಾನು ಮೂರು ನೆನಪೋಲೆ ಕಳುಹಿಸುತ್ತೇನೆ: ಒಂದು ವಾರ ಮೊದಲು, ಹಿಂದಿನ ದಿನ, ಒಂದು ಗಂಟೆ ಮೊದಲು. ಮೊದಲ ಎರಡರಲ್ಲೂ ಬಳಸಬಹುದಾದ ಒಂದು ಸಂಗತಿ ಇರಲೇಬೇಕು. ಸೈಟಿನ ವೆಬಿನಾರ್‌ಗೆ ಹಿಂದಿನ ದಿನ ಹೀಗೆ ಬರೆದಿದ್ದೆ: "80 ಲಕ್ಷದ ಸೈಟನ್ನು ನಿವಾಸಿ ಮಾರಿದರೆ ಕೊಳ್ಳುವವರು ಹಿಡಿಯುವ ಟಿಡಿಎಸ್ 80 ಸಾವಿರ. ಅದೇ ಸೈಟನ್ನು ನೀವು ಮಾರಿದರೆ, ಮೊದಲೇ ಪ್ರಮಾಣಪತ್ರ ತೆಗೆದುಕೊಳ್ಳದಿದ್ದರೆ, 10 ಲಕ್ಷ ಹಿಡಿಯಬಹುದು, ಸರ್ಚಾರ್ಜ್, ಸೆಸ್ ಬೇರೆ. ಯಾಕೆ, ತಪ್ಪಿಸುವುದು ಹೇಗೆ ಎಂದು ನಾಳೆ ನೋಡೋಣ." ಬರದವರಿಗೂ ಆ ಸಂದೇಶದಿಂದ ಉಪಯೋಗವಾಯಿತು. ಅವರು ಮುಂದಿನ ಸಲ ಬಂದರು.

ಪರದೆ ಎದ್ದ ಮೇಲೆ. ಹೇಳಿದ ಹೊತ್ತಿಗೆ ಸರಿಯಾಗಿ ಶುರು ಮಾಡಿ. "ಇನ್ನೂ ಕೆಲವರು ಸೇರಿಕೊಳ್ಳುತ್ತಿದ್ದಾರೆ, ಐದು ನಿಮಿಷ ಕಾಯೋಣ" ಎಂದರೆ ಸಮಯಕ್ಕೆ ಬಂದವರಿಗೆ ದಂಡ, ತಡವಾಗಿ ಬಂದವರಿಗೆ ಬಹುಮಾನ. ಸ್ವಾಗತ, ಪ್ರಾರ್ಥನೆ, ನನ್ನ ಪರಿಚಯ ಎಲ್ಲ ಸೇರಿ ಒಂದು ನಿಮಿಷ. ಶೀರ್ಷಿಕೆಯ ಪ್ರಶ್ನೆಗೆ ಉತ್ತರವನ್ನು ಮೊದಲ ಐದು ನಿಮಿಷದಲ್ಲೇ ಕೊಟ್ಟುಬಿಡುತ್ತೇನೆ. ಉತ್ತರ ಕೊಟ್ಟುಬಿಟ್ಟರೆ ಜನ ಹೊರಟುಹೋಗುತ್ತಾರೆ ಎಂದು ಭಯಪಟ್ಟಿದ್ದೆ. ಆಗಿದ್ದು ಉಲ್ಟಾ. ಉತ್ತರ ಸಿಕ್ಕವರಿಗೆ "ಹಾಗಾದರೆ ನನ್ನ ವಿಷಯದಲ್ಲಿ?" ಎಂಬ ಎರಡನೇ ಪ್ರಶ್ನೆ ಹುಟ್ಟುತ್ತದೆ. ಅವರನ್ನು ಕೂರಿಸುವುದು ಅದೇ. ಹನ್ನೆರಡು ನಿಮಿಷಕ್ಕೊಮ್ಮೆ ಮಾತು ನಿಲ್ಲಿಸಿ ಪ್ರಶ್ನೆ ತೆಗೆದುಕೊಳ್ಳುತ್ತೇನೆ, ಕೊನೆಗೆ ಇಡುವುದಿಲ್ಲ. ಒಟ್ಟು 45 ನಿಮಿಷ.

ಸ್ಲೈಡಿನ ಅಕ್ಷರ ದೊಡ್ಡದಿರಲಿ. ಬಹುಪಾಲು ಜನ ಫೋನಿನಲ್ಲಿ ನೋಡುತ್ತಾರೆ. ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ಶಾರ್ಜಾ ಕಡೆ ತೆವಳುತ್ತಾ ಬರೀ ಕಿವಿಗೊಟ್ಟು ಕೇಳುವವರೂ ಇದ್ದಾರೆ. ಅವರಿಗಾಗಿ ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ಹೇಳುತ್ತೇನೆ, "ಇಲ್ಲಿ ಕಾಣುವ ಹಾಗೆ" ಎನ್ನುವುದಿಲ್ಲ. ಇನ್ನೊಂದು, ಒಬ್ಬರೇ ನಡೆಸಬೇಡಿ. ಚಾಟ್ ನೋಡಲು, ಮೈಕ್ ಮ್ಯೂಟ್ ಮಾಡಲು ಒಬ್ಬ ಜೊತೆಗಾರ ಬೇಕು. ನನ್ನ ಮನೆಯಲ್ಲಿ ಆ ಖಾತೆ ಹೆಂಡತಿಯದ್ದು. ನಾನು ಉದ್ದ ಎಳೆದರೆ ಪಕ್ಕದ ಕೋಣೆಯಿಂದ ಗೋಡೆ ಬಡಿಯುವುದೂ ಅವರದ್ದೇ ಜವಾಬ್ದಾರಿ.

ಮರುದಿನ. ಇಪ್ಪತ್ತನಾಲ್ಕು ಗಂಟೆಯೊಳಗೆ ಒಂದೇ ಪುಟದ ಟಿಪ್ಪಣಿ, ರೆಕಾರ್ಡಿಂಗ್, ಸಮಯ ಸಾಲದೆ ಬಿಟ್ಟ ಪ್ರಶ್ನೆಗಳಿಗೆ ಉತ್ತರ. ಹೆಸರು ಕೊಟ್ಟು ಬಾರದವರಿಗೂ ಕಳುಹಿಸಿ, "ನೀವು ಬರಲಿಲ್ಲ" ಎಂಬ ಆಕ್ಷೇಪದ ಧಾಟಿ ಇಲ್ಲದೆ. ಮುಂದಿನ ದಿನಾಂಕ ಅದರಲ್ಲೇ ಇರಲಿ.

ಹೊಸಬರೋ, ಹಳಬರೋ? ಒಂದು ಸಣ್ಣ ಗಣಿತ

ಹಣಕಾಸಿನವನಾಗಿ ಇದನ್ನು ಹೇಳದೆ ಇರಲಾರೆ. ಪ್ರತಿ ವೆಬಿನಾರ್‌ಗೆ ನೀವು ಹೊಸದಾಗಿ 40 ಮಂದಿಯನ್ನು ತರುತ್ತೀರಿ ಎಂದುಕೊಳ್ಳಿ. ಒಮ್ಮೆ ಬಂದವರಲ್ಲಿ ಶೇ. 40ರಷ್ಟು ಮುಂದಿನದಕ್ಕೂ ಬರುತ್ತಾರೆ. ಎಷ್ಟು ವರ್ಷ ನಡೆಸಿದರೂ ನಿಮ್ಮ ಸಭೆ ಸುಮಾರು 67 ಜನಕ್ಕೆ ನಿಂತುಬಿಡುತ್ತದೆ. ಏಕೆಂದರೆ ಆ ಹಂತದಲ್ಲಿ ಬಂದಷ್ಟೇ ಮಂದಿ ಹೋಗುತ್ತಿರುತ್ತಾರೆ. 40 ಅನ್ನು 0.6ರಿಂದ ಭಾಗಿಸಿ ನೋಡಿ.

ಈಗ ಜಾಹೀರಾತು ದುಪ್ಪಟ್ಟು ಮಾಡಿ 80 ಹೊಸಬರನ್ನು ತನ್ನಿ. ಮಿತಿ 133ಕ್ಕೆ ಏರುತ್ತದೆ.

ಅದರ ಬದಲು ಹೊಸಬರನ್ನು 40ಕ್ಕೇ ಬಿಟ್ಟು, ಮರಳಿ ಬರುವವರನ್ನು ಶೇ. 80ಕ್ಕೆ ಏರಿಸಿ. 40 ಅನ್ನು 0.2ರಿಂದ ಭಾಗಿಸಿದರೆ 200. ಒಂದು ದಿರ್ಹಂ ಜಾಹೀರಾತಿಲ್ಲದೆ ಮೂರು ಪಟ್ಟು!

ಚಕ್ರಬಡ್ಡಿ ಕೆಲಸ ಮಾಡುವುದು ಅಸಲು ಉಳಿದರೆ ಮಾತ್ರ ಎಂದು ಎಸ್‌ಐಪಿ ವಿಷಯದಲ್ಲಿ ನೂರು ಸಲ ಹೇಳಿದ್ದೇನೆ. ಕೇಳುಗರೂ ಅಸಲೇ. ಆದರೆ ಆ ಅಸಲನ್ನು ನಾನೇ ಒಮ್ಮೆ ಮಾರಿಕೊಂಡೆ.

ಮೂರನೆಯದು: ಹತ್ತು ನಿಮಿಷದ ಬೆಲೆ

2025ರ ಫೆಬ್ರವರಿ. ಒಂದು ಕಂಪನಿಯವರು, ಹೆಸರು ಬೇಡ, ಸಂಪರ್ಕಿಸಿದರು. ಝೂಮ್ ಖರ್ಚು, ಜಾಹೀರಾತಿನ ಖರ್ಚು ಎಲ್ಲ ಅವರದ್ದು. ಪ್ರತಿಯಾಗಿ ಕೊನೆಯಲ್ಲಿ ಹತ್ತು ನಿಮಿಷ ಅವರ ಪ್ರತಿನಿಧಿಗೆ ಮಾತಾಡಲು ಅವಕಾಶ, ಮತ್ತು ಬಂದವರ ಫೋನ್ ನಂಬರ್ ಪಟ್ಟಿ. ವಿಷಯ ನಿವೃತ್ತಿ ಯೋಜನೆ. ಹತ್ತು ನಿಮಿಷ ತಾನೇ ಎಂದುಕೊಂಡೆ. ಪಟ್ಟಿಯನ್ನೂ ಕೊಟ್ಟೆ. ಕೇಳದೆ ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

118 ನೋಂದಣಿ, 80 ಹಾಜರಿ. ಅದುವರೆಗಿನ ದಾಖಲೆ. ಮುಂದಿನ ವಾರದಿಂದ ಅವರಿಗೆಲ್ಲ ಕರೆಗಳು ಶುರುವಾದವು. "ನಿಮ್ಮ ಕನ್ನಡ ವೆಬಿನಾರ್‌ನವರು ಕೊಟ್ಟ ನಂಬರ್" ಎಂದೇ ಶುರು ಮಾಡುತ್ತಿದ್ದರಂತೆ. ಮಾರುತ್ತಿದ್ದುದು ದೀರ್ಘಾವಧಿಯ ಉಳಿತಾಯ ಯೋಜನೆ. ಮೊದಲ ವರ್ಷಗಳ ಕಂತಿನಲ್ಲಿ ದೊಡ್ಡ ಪಾಲು ಶುಲ್ಕಕ್ಕೇ ಹೋಗುವ, ಮಧ್ಯದಲ್ಲಿ ಬಿಟ್ಟರೆ ಕೈಗೆ ಚೂರು ಮಾತ್ರ ಸಿಗುವ ಬಗೆ.

ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಒಬ್ಬ ಸಹೋದರಿ ಸಹಿ ಹಾಕಿದ ಮೇಲೆ ಅನುಮಾನ ಬಂದು ನನಗೆ ಕಾಗದಗಳನ್ನು ಕಳುಹಿಸಿದರು. ಅದರಲ್ಲಿ 30 ದಿನದೊಳಗೆ ರದ್ದು ಮಾಡುವ ಅವಕಾಶ ಇತ್ತು. ಅಂದು 26ನೇ ದಿನ. ರಾತ್ರಿ ಕೂತು ಪತ್ರ ಬರೆದು ಮರುದಿನವೇ ಕೊಡಿಸಿದೆವು. ಅವರ ಹಣ ವಾಪಸ್ ಬಂತು.

ಇನ್ನೊಬ್ಬರಿಗೆ ಬರಲಿಲ್ಲ. ಕೆಲಸ ಬದಲಿಸಿದ್ದರು, ಎಂಟು ವರ್ಷದ ಗ್ರಾಚ್ಯುಟಿ ಬಂದಿತ್ತು. ಇಲ್ಲಿನ ನಿಯಮದ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ನಂತರ 30 ದಿನ. ಅಂದರೆ 195 ದಿನದ ಸಂಬಳ. ಅದರ ಬಹುಭಾಗವನ್ನು ಆ ಯೋಜನೆಗೆ ಹಾಕಿದ್ದರು. ನನಗೆ ಹೇಳಿದಾಗ ಎರಡು ತಿಂಗಳಾಗಿತ್ತು. ಅವರು ಬೈಯಲಿಲ್ಲ. "ನೀವು ಪರಿಚಯ ಮಾಡಿಸಿದವರು ಅಂತ ಓದದೆ ಸಹಿ ಹಾಕಿದೆ ಸಾರ್" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಈ ಊರಿನಲ್ಲಿ ನಂಬಿಕೆಯ ಬೆಲೆ ಏನೆಂದು ನಮಗೆ ಹೊಸದಾಗಿ ಹೇಳಬೇಕಿಲ್ಲ. ಭಾರಿ ಲಾಭದ ಆಸೆ ತೋರಿಸಿ ಸಾವಿರಾರು ಜನರಿಂದ ಹಣ ಎತ್ತಿದ ದುಬೈನ ಎಕ್ಸೆನ್ಷಿಯಲ್ ಪ್ರಕರಣದಲ್ಲಿ 2018ರಲ್ಲಿ ಇಲ್ಲಿನ ನ್ಯಾಯಾಲಯ ಒಟ್ಟು ಐನೂರು ವರ್ಷಕ್ಕೂ ಹೆಚ್ಚಿನ ಶಿಕ್ಷೆ ಕೊಟ್ಟಿತು. ಬೆಂಗಳೂರಿನ ಐಎಂಎ ಮುಖ್ಯಸ್ಥ 2019ರ ಜೂನ್‌ನಲ್ಲಿ ಹಾರಿಬಂದಿದ್ದು ಇದೇ ದುಬೈಗೆ. ಜುಲೈನಲ್ಲಿ ಮರಳಿದಾಗ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಇಂಥ ಹಗರಣಗಳಲ್ಲಿ ಜನ ಸೇರುವುದು ಜಾಹೀರಾತಿನಿಂದ ಮಾತ್ರವಲ್ಲ, "ನಮ್ಮವರು ಹೇಳಿದರು" ಎಂಬ ಒಂದು ಮಾತಿನಿಂದ. ನಾನು ಆ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದು ಹತ್ತು ನಿಮಿಷವನ್ನಲ್ಲ, ಆ ಮಾತನ್ನು.

ಏಪ್ರಿಲ್‌ನಲ್ಲಿ ಮುಂದಿನದನ್ನು ಘೋಷಿಸಿದೆ. 29 ಮಂದಿ ನೋಂದಣಿ. ಬಂದವರು 19. ಲೆಕ್ಕಪುಸ್ತಕ ಸುಳ್ಳು ಹೇಳುವುದಿಲ್ಲ.

ಆ ದಿನ ಸ್ಲೈಡ್ ತೆರೆಯದೆ, ನಡೆದದ್ದನ್ನೆಲ್ಲ ಹೇಳಿದೆ. ನಂಬರ್ ಪಟ್ಟಿ ಕೊಟ್ಟಿದ್ದನ್ನೂ. ಪಟ್ಟಿ ಅಳಿಸಿಹಾಕಿ ಎಂದು ಕಂಪನಿಗೆ ಲಿಖಿತವಾಗಿ ಕೇಳಿದ್ದೆ, ಆ ಪತ್ರ ತೋರಿಸಿದೆ. ಉಳಿದ ಸಮಯವೆಲ್ಲ ಅಂಥ ಯೋಜನೆಯ ಕಾಗದದಲ್ಲಿ ಶುಲ್ಕ ಎಲ್ಲಿ ಅಡಗಿರುತ್ತದೆ, ರದ್ದತಿಯ ಅವಧಿ ಎಲ್ಲಿ ಬರೆದಿರುತ್ತದೆ ಎಂದು ಸಾಲು ಸಾಲಾಗಿ ಓದಿ ತೋರಿಸಿದೆ. 19 ಮಂದಿಯೂ ಕೊನೆಯವರೆಗೆ ಇದ್ದರು.

ಅಂದಿನಿಂದ ನನ್ನ ನಾಲ್ಕು ನಿಯಮ

ಒಂದು, ಪ್ರಾಯೋಜಕರಿಲ್ಲ. ಖರ್ಚು ನನ್ನದು, ಆದ್ದರಿಂದ ಸಣ್ಣದು.

ಎರಡು, ನೋಂದಣಿಯಲ್ಲಿ ಹೆಸರು, ಇಮೇಲ್, ಪ್ರಶ್ನೆ ಮಾತ್ರ. ಫೋನ್ ನಂಬರ್ ಕೇಳುವುದೇ ಇಲ್ಲ. ಇಲ್ಲದ್ದನ್ನು ಯಾರೂ ಕದಿಯಲಾರರು, ನಾನೂ ಮಾರಲಾರೆ. ಯುಎಇಯಲ್ಲಿ 2024ರ ಆಗಸ್ಟ್‌ನಿಂದ ಟೆಲಿಮಾರ್ಕೆಟಿಂಗ್ ನಿಯಮಗಳು ಬಿಗಿಯಾಗಿವೆ, ಮಾರಾಟದ ಕರೆ ಬೆಳಗ್ಗೆ 9ರಿಂದ ಸಂಜೆ 6ರೊಳಗೆ ಮಾತ್ರ. ನಿಮ್ಮ ವ್ಯಾಪಾರಕ್ಕಾಗಿ ವೆಬಿನಾರ್ ಮಾಡುವವರು ಇದನ್ನು ತಿಳಿದಿರಿ.

ಮೂರು, ಶಿಕ್ಷಣ ಬೇರೆ, ಸಲಹೆ ಬೇರೆ. "ಈ ಷೇರು ಕೊಳ್ಳಿ" ಎಂದು ನಾನು ಹೇಳುವುದಿಲ್ಲ. ಹೇಳಲು ನೋಂದಣಿ ಬೇಕು. ಷೇರು ಶಿಕ್ಷಣ ಮಾತ್ರ ಕೊಡುತ್ತೇವೆ ಎನ್ನುವವರು ಕಳೆದ ಮೂರು ತಿಂಗಳ ಬೆಲೆಯ ಮಾಹಿತಿ ಬಳಸಬಾರದು ಎಂದು ಸೆಬಿ 2025ರ ಜನವರಿ 29ರ ಸುತ್ತೋಲೆಯಲ್ಲಿ ಹೇಳಿತು. ಅದೇ ವರ್ಷ ಯುಎಇಯ ಸೆಕ್ಯುರಿಟೀಸ್ ಅಂಡ್ ಕಮಾಡಿಟೀಸ್ ಅಥಾರಿಟಿ ಹಣಕಾಸು ಇನ್‌ಫ್ಲುಯೆನ್ಸರ್‌ಗಳಿಗೆಂದೇ ಪರವಾನಗಿ ತಂದಿತು. ಹಣಕಾಸಿನ ವೆಬಿನಾರ್ ಮಾಡಬೇಕೆನ್ನುವವರು ಪೋಸ್ಟರ್‌ಗಿಂತ ಮೊದಲು ಇವೆರಡನ್ನೂ ಓದಿ. ಬೇರೆ ವ್ಯಾಪಾರದವರೂ ನಿಮ್ಮ ಲೈಸೆನ್ಸ್‌ನಲ್ಲಿ ಏನಿದೆ ನೋಡಿಕೊಳ್ಳಿ.

ನಾಲ್ಕು, ಮಾರುವುದು ತಪ್ಪಲ್ಲ, ಮುಚ್ಚಿಟ್ಟು ಮಾರುವುದು ತಪ್ಪು. ಅಬುಧಾಬಿಯ ಸಿಎ ಸ್ನೇಹಿತರಿಗೆ ಹೇಳಿದ್ದು ಇದನ್ನೇ: "ನಿಮ್ಮ ಸೇವೆಗೆ ಶುಲ್ಕ ಇದೆ, ಅದನ್ನು ಆಹ್ವಾನದಲ್ಲೇ ಹೇಳಿ. 45 ನಿಮಿಷ ಪೂರ್ತಿ ಅವರಿಗೆ ಕೊಡಿ. ಕೊನೆಯ ಒಂದು ಸ್ಲೈಡ್ ನಿಮ್ಮದು. ಅಷ್ಟು ಸಾಕು."

ಈಗ

ಈಗ ಎರಡು ತಿಂಗಳಿಗೊಂದು ವೆಬಿನಾರ್. ಸುಮಾರು ಅರವತ್ತು ಮಂದಿ ಹೆಸರು ಕೊಡುತ್ತಾರೆ, ಐವತ್ತರ ಆಸುಪಾಸು ಬರುತ್ತಾರೆ, ಹೆಚ್ಚಿನವರು ಕೊನೆಯವರೆಗೆ ಇರುತ್ತಾರೆ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಹಳಬರು. ಎಂಬತ್ತರ ದಾಖಲೆ ಇನ್ನೂ ಮುರಿದಿಲ್ಲ. ಮುರಿಯುವ ಆತುರವೂ ಇಲ್ಲ. ಗ್ರಾಚ್ಯುಟಿ ಕಳೆದುಕೊಂಡವರು ಮಾತ್ರ ಮತ್ತೆ ಬಂದಿಲ್ಲ. ಪ್ರತಿ ಸಲ ಆಹ್ವಾನ ಕಳುಹಿಸುತ್ತೇನೆ. ಅವರು ಪಟ್ಟಿಯಿಂದ ಹೆಸರು ತೆಗೆಸಿಲ್ಲ, ಅಷ್ಟೇ ಸಮಾಧಾನ.

ಪಾರ್ಕಿನ ಹಿರಿಯರು ಮೊನ್ನೆ ಸಿಕ್ಕಿದ್ದರು. ಕಡಿಮೆ ದರದ ಟಿಡಿಎಸ್ ಪ್ರಮಾಣಪತ್ರ ಮಾಡಿಸಿಕೊಂಡು ಹಾಸನದ ಸೈಟು ಮಾರಿದ್ದಾರೆ. ಮಗಳ ಕಾಲೇಜು ಫೀಸಿಗೆ ಆಯಿತಂತೆ. "ಮುಂದಿನದು ಯಾವ ವಿಷಯ ಸಾರ್?" ಎಂದರು.

"ನೀವೇ ಹೇಳಿ" ಎಂದೆ.

ಕೊಳದ ಅರ್ಧ ಸುತ್ತು ಸುಮ್ಮನೆ ನಡೆದು, "ಇನ್ನೆರಡು ವರ್ಷಕ್ಕೆ ಊರಿಗೆ ಹೋಗ್ತೀನಿ. ಹೋದ ಮೇಲೆ ಎನ್‌ಆರ್‌ಇ ಖಾತೆ ಏನ್ಮಾಡ್ಬೇಕು, ಯಾರೂ ಸರಿಯಾಗಿ ಹೇಳ್ತಿಲ್ಲ" ಎಂದರು.

ಶೀರ್ಷಿಕೆ ಸಿಕ್ಕಿತು: "ಊರಿಗೆ ವಾಪಸ್ ಹೋದ ಮೇಲೆ ಎನ್‌ಆರ್‌ಇ ಖಾತೆ ಏನು ಮಾಡಬೇಕು?" ಮುಂದಿನ ತಿಂಗಳ ಮೊದಲ ಶನಿವಾರ, ಸಂಜೆ 7ಕ್ಕೆ, ಭಾರತದಲ್ಲಿ ರಾತ್ರಿ 8.30. ನಿಮ್ಮ ಪ್ರಶ್ನೆ ಈಗಲೇ ಬರೆದು ಕಳುಹಿಸಿ. ಇದು ಬೇಕಾಗಿರುವ ಇನ್ನಿಬ್ಬರು ನಿಮಗೆ ಗೊತ್ತಿದ್ದರೆ ನೀವೇ ಕರೆಯಿರಿ. ಏಳಕ್ಕೆ ಸರಿಯಾಗಿ ಶುರು ಮಾಡುತ್ತೇನೆ, ಕಾಯುವುದಿಲ್ಲ.

ಶುಭವಾಗಲಿ.

(ಇಲ್ಲಿ ಬರೆದ ತೆರಿಗೆ ಮತ್ತು ಕಾನೂನಿನ ವಿಚಾರಗಳು ಸಾಮಾನ್ಯ ತಿಳಿವಳಿಕೆಗಾಗಿ. ನಿಯಮಗಳು ಬದಲಾಗುತ್ತಿರುತ್ತವೆ. ನಿಮ್ಮ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವ ಮೊದಲು ಅರ್ಹ ಸಲಹೆಗಾರರನ್ನು ಕೇಳಿ.)